ಹೊಸಕೋಟೆ ಬಿರಿಯಾನಿಗೆ ನಸುಕಿನ ಡ್ರೈವ್: ಕಾರು ಹುಚ್ಚಿರುವವರಿಗೆ ಒಂದು ಮಾರ್ಗದರ್ಶಿ

ಶನಿವಾರ ರಾತ್ರಿ ಕಳೆದು ಭಾನುವಾರ ಬೆಳಕು ಹರಿಯುವ ಮುಂಚೆ, ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ ಕಡೆ ಹೋಗುವ ಕಾರುಗಳನ್ನು ಸ್ವಲ್ಪ ಗಮನಿಸಿ. ಸಸ್ಪೆನ್ಷನ್ ತಗ್ಗಿಸಿ ನೆಲಕ್ಕೆ ಹತ್ತಿರ ಕೆಳಗಿಳಿಸಿದ ಪೋಲೊ, ಜೋಪಾನವಾಗಿ ಇಟ್ಟುಕೊಂಡಿರುವ ಹಳೆ ಹೋಂಡಾ ಸಿಟಿ, ಕೆಸರು ಒಣಗಿರುವ ಥಾರ್, ನಡುವೆ ಒಂದು ಹಳೆ ಮಾರುತಿ 800. ಇವರಲ್ಲಿ ಬಹಳಷ್ಟು ಜನ ಹೊರಟಿರುವುದು ಒಂದೇ ಕಡೆಗೆ. ನಸುಕಿನ ನಾಲ್ಕರ ಆಸುಪಾಸಿನಲ್ಲಿ ಹಂಡೆ ಇಳಿಯುವ ಹೊಸಕೋಟೆಯ ದಮ್ ಬಿರಿಯಾನಿ ಅಂಗಡಿಗಳಿಗೆ.

ಬೆಂಗಳೂರಿನವರಿಗೆ ಇದು ಹೊಸ ಸುದ್ದಿಯಲ್ಲ. ಹೊರಗಿನವರಿಗೆ ಗೊತ್ತಾದದ್ದು 2020ರ ಅಕ್ಟೋಬರ್‌ನಲ್ಲಿ. ಇಲ್ಲಿನ ಆನಂದ್ ದಮ್ ಬಿರಿಯಾನಿ ಮುಂದಿನ ಸಾಲಿನ ವಿಡಿಯೊ ದೇಶವೆಲ್ಲ ಓಡಾಡಿತು. ನಾಲ್ಕು ಗಂಟೆಗೆ ಬಂದು ನಿಂತವನಿಗೆ ಆರೂವರೆಗೆ ಬಿರಿಯಾನಿ ಸಿಕ್ಕಿತು, ಸಾಲು ಒಂದೂವರೆ ಕಿಲೋಮೀಟರ್ ಇತ್ತು ಅಂತ ಗ್ರಾಹಕರೊಬ್ಬರು ಸುದ್ದಿಸಂಸ್ಥೆಗೆ ಹೇಳಿದ್ದರು. ದಿನಕ್ಕೆ ಸಾವಿರ ಕಿಲೋಗಿಂತ ಜಾಸ್ತಿ ಬಿರಿಯಾನಿ ಬಡಿಸುತ್ತೇವೆ ಅಂತ ಅಂಗಡಿಯವರೂ ಹೇಳಿದ್ದರು. ಮಣಿ ದಮ್ ಬಿರಿಯಾನಿಯ ಹೆಸರೂ ಅಷ್ಟೇ ದೊಡ್ಡದು. ಇವೆರಡೇ ಅಲ್ಲ, ಸುತ್ತಮುತ್ತ ಇನ್ನೂ ಅಂಗಡಿಗಳಿವೆ.

ಕಾರು ಓಡಿಸುವುದನ್ನೇ ಇಷ್ಟಪಡುವವರಿಗೆ ಈ ಜಾಗ ಯಾಕೆ ಹಿಡಿಸುತ್ತದೆ ಅಂದರೆ, ನಗರದ ಮಧ್ಯದಿಂದ 25–30 ಕಿಲೋಮೀಟರ್ ದೂರ. ಎಂಜಿನ್ ಸರಿಯಾಗಿ ಬಿಸಿಯಾಗಿ ಒಂದು ಲಯಕ್ಕೆ ಬರುವಷ್ಟು ದೂರ, ಸುಸ್ತಾಗುವಷ್ಟಲ್ಲ. ಹಗಲಲ್ಲಿ ಟಿನ್ ಫ್ಯಾಕ್ಟರಿ ಜಂಕ್ಷನ್ ದಾಟುವುದಕ್ಕೇ ಜೀವ ಹೋಗುವ ದಾರಿ ಅದು. ಆ ಹೊತ್ತಿನಲ್ಲಿ ಮಾತ್ರ ಖಾಲಿ. ತಲುಪಿದ ಮೇಲೆ ಬಿಸಿ ಊಟ, ನಮ್ಮಂಥದೇ ಹುಚ್ಚಿನ ನಾಲ್ಕು ಜನ. ಸರಿಯಾಗಿ ಯೋಜನೆ ಮಾಡಿಕೊಂಡು ಹೋದರೆ ಇಷ್ಟು ಚೆನ್ನಾಗಿರುವ ಬೆಳಗು ಬೆಂಗಳೂರಿನಲ್ಲಿ ಬೇರೆ ಸಿಗುವುದಿಲ್ಲ ಅಂತ ನಾನು ನಂಬಿದ್ದೇನೆ.

ಹೆಜ್ಜೆ 1: ಮೊದಲು ಕ್ಯಾಲೆಂಡರ್ ನೋಡಿ

ಭಾನುವಾರ ಜನ ಜಾಸ್ತಿ, ಅದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಕಡೆ ಮಾಂಸದ ಊಟದ ಲೆಕ್ಕ ಪಂಚಾಂಗದ ಮೇಲೆ ನಡೆಯುತ್ತದೆ ಅಲ್ವಾ? ಶ್ರಾವಣದಲ್ಲಿ, ಕಾರ್ತಿಕ ಸೋಮವಾರಗಳಲ್ಲಿ, ಶನಿವಾರಗಳಲ್ಲಿ ಎಷ್ಟೋ ಮನೆಗಳಲ್ಲಿ ಮಾಂಸ ಮುಟ್ಟುವುದಿಲ್ಲ. ಆಗ ಸಾಲು ಸ್ವಲ್ಪ ಕರಗಿರುತ್ತದೆ. ಯುಗಾದಿ ಮರುದಿನದ ಹೊಸತೊಡಕು ಇದಕ್ಕೆ ಪೂರ್ತಿ ಉಲ್ಟಾ. ಅವತ್ತು ಊರಿಗೆ ಊರೇ ಬಾಡೂಟಕ್ಕೆ ಕೂತಿರುತ್ತದೆ. ಮೊದಲ ಸಲ ಹೋಗುವವರು ಅವತ್ತು ಹೋಗಲೇಬೇಡಿ. ಗಾಂಧಿ ಜಯಂತಿ, ಮಹಾವೀರ ಜಯಂತಿಯಂಥ ದಿನಗಳಲ್ಲಿ ಮಾಂಸ ಮಾರಾಟಕ್ಕೆ ನಿಷೇಧ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಅಂಗಡಿಗಳ ವಾರದ ರಜೆ, ತೆರೆಯುವ ಹೊತ್ತು ಒಂದೊಂದರದ್ದು ಒಂದೊಂದು ಥರ. ಹಿಂದಿನ ದಿನ ಸಂಜೆ ಒಂದು ಫೋನ್ ಮಾಡಿ ಕೇಳಿಬಿಡಿ. ಮಧ್ಯರಾತ್ರಿ ಎದ್ದು ಹೋಗಿ ಮುಚ್ಚಿದ ಶಟರ್ ನೋಡುವ ಕಷ್ಟ ತಪ್ಪುತ್ತದೆ.

ವಾರದ ನಡುವೆ ರಜೆ ಸಿಕ್ಕಿದರೆ, ಅವತ್ತು ಅಂಗಡಿ ತೆರೆದಿದ್ದರೆ, ಅದೇ ಒಳ್ಳೆಯ ದಿನ. ಸಾಲು ಕಡಿಮೆ, ಗಾಡಿ ನಿಲ್ಲಿಸಲು ಜಾಗ ಜಾಸ್ತಿ.

ಹೆಜ್ಜೆ 2: ಕಾರಿಗೂ ನಿಮಗೂ ಹಿಂದಿನ ದಿನವೇ ತಯಾರಿ

ಈ ಡ್ರೈವ್‌ಗೆ ಎರಡು ಬಗೆಯ ಜನ ಬರುತ್ತಾರೆ. ರಾತ್ರಿಯಿಡೀ ಎಚ್ಚರವಿದ್ದು ಹಾಗೇ ಹೊರಡುವವರು ಒಂದು. ಒಂಬತ್ತಕ್ಕೇ ಮಲಗಿ ಮೂರಕ್ಕೆ ಎದ್ದು ಹೊರಡುವವರು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯವರದ್ದೇ ಸರಿ, ಇದರಲ್ಲಿ ಚರ್ಚೆಯೇ ಇಲ್ಲ. ರಾತ್ರಿ 2ರಿಂದ ಬೆಳಗ್ಗೆ 6ರ ನಡುವೆ ಮೈ ತಾನಾಗಿಯೇ ನಿದ್ದೆಗೆ ಜಾರುತ್ತದೆ. ಎಷ್ಟು ಚೆನ್ನಾಗಿ ಓಡಿಸುವವರಾದರೂ ಇದು ಬಿಡುವುದಿಲ್ಲ. ಆರು ಗಂಟೆ ನಿದ್ದೆ ಆಗಿಲ್ಲ ಅಂದರೆ ಸ್ಟೇರಿಂಗ್ ಬೇರೆಯವರ ಕೈಗೆ ಕೊಡಿ.

ಕುಡಿದಿದ್ದರಂತೂ ಮಾತೇ ಬೇಡ. ರಕ್ತದಲ್ಲಿ ಮದ್ಯದ ಮಿತಿ 100 ಮಿ.ಲೀ.ಗೆ 30 ಮಿ.ಗ್ರಾಂ. ಅದನ್ನು ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹನ್ನೆರಡಕ್ಕೆ ಕುಡಿಯುವುದು ನಿಲ್ಲಿಸಿದವರ ಮೈಯಿಂದ ಮೂರು ಗಂಟೆಗೆ ಎಲ್ಲ ಇಳಿದಿರುವುದಿಲ್ಲ. ಪಾರ್ಟಿ ಮುಗಿಸಿ ಬಿರಿಯಾನಿಗೆ ಹೋಗುವ ಆಸೆ ಇದ್ದರೆ ಕ್ಯಾಬ್ ಹಿಡಿಯಿರಿ.

ಇನ್ನು ಕಾರು. ಟೈರಿನ ಗಾಳಿಯನ್ನು ಟೈರ್ ತಣ್ಣಗಿದ್ದಾಗಲೇ ನೋಡಬೇಕು. ಮನೆಯಲ್ಲಿ ಪುಟ್ಟ ಕಂಪ್ರೆಸರ್ ಇದ್ದರೆ ಹೊರಡುವ ಮುಂಚೆ ನೋಡಿಕೊಳ್ಳುವುದೇ ಸರಿ. ಐದು ಜನ ಹೋಗುತ್ತಿದ್ದರೆ ಡ್ರೈವರ್ ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ತುಂಬು ಹೊರೆಗೆ ಎಷ್ಟು ಅಂತ ಬರೆದಿರುತ್ತದೆ, ಅಷ್ಟು ಹಾಕಿ. ಪೆಟ್ರೋಲ್ ಹಿಂದಿನ ಸಂಜೆಯೇ ತುಂಬಿಸಿ. ಹೆಚ್ಚು ಆಕ್ಟೇನ್ ಪೆಟ್ರೋಲ್ ಬೇಕಾದ ಗಾಡಿಯಾದರೆ ಇನ್ನೂ ಮುಖ್ಯ. ಅದು ಎಲ್ಲ ಬಂಕಿನಲ್ಲೂ ಸಿಗುವುದಿಲ್ಲ, ನಸುಕಿನಲ್ಲಿ ಹುಡುಕುತ್ತಾ ಸುತ್ತುವುದು ಬೇಡ.

ಎಷ್ಟೋ ಜನ ಮರೆಯುವ ಒಂದು ಕೆಲಸ ಇದೆ. ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿ. ಒಳಗೆ ಕೂತಿರುವ ಸಣ್ಣ ಎಣ್ಣೆ ಪದರ ಹಗಲಲ್ಲಿ ಕಾಣುವುದೇ ಇಲ್ಲ. ರಾತ್ರಿ ಎದುರಿನ ಲಾರಿ ಹೈಬೀಮ್ ಬಿಟ್ಟಾಗ ಗಾಜೆಲ್ಲ ಬೆಳ್ಳಗಾಗುತ್ತದೆ. ಈ ದಾರಿ ಪೂರ್ವಕ್ಕೆ ಹೋಗುತ್ತದೆ ಅನ್ನುವುದನ್ನೂ ನೆನಪಿಡಿ. ತಿಂದು ಕೋಲಾರದ ಕಡೆ ಮುಂದೆ ಹೋದರೆ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ. ಜೂನ್ ಮೊದಲ ವಾರದಲ್ಲಿ ಆರಕ್ಕೆ ಮುಂಚೆಯೇ, ಜನವರಿ ಕೊನೆಯಲ್ಲಾದರೆ 6:45ರ ಹೊತ್ತಿಗೆ ಸೂರ್ಯೋದಯ. ತಂಪು ಕನ್ನಡಕ ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ.

ಜೊತೆಗೆ ಇವಿಷ್ಟು ಇರಲಿ: ಕುಡಿಯುವ ನೀರು, ಒದ್ದೆ ಟಿಶ್ಯೂ, ಕಸಕ್ಕೆ ಒಂದು ಚೀಲ, ಒಂದಷ್ಟು ಚಿಲ್ಲರೆ ನೋಟು, ಪಾರ್ಸೆಲ್ ತರುವುದಿದ್ದರೆ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ.

ಹೆಜ್ಜೆ 3: ಮನೆಯಿಂದ ಸದ್ದಿಲ್ಲದೆ ಹೊರಡಿ

ಎಕ್ಸಾಸ್ಟ್ (ಹೊಗೆ ಕೊಳವೆ) ಬದಲಾಯಿಸಿದ ಕಾರನ್ನು ತಣ್ಣಗಿರುವಾಗ ಸ್ಟಾರ್ಟ್ ಮಾಡುವ ಸದ್ದು ಇಡೀ ಬೀದಿಯನ್ನು ಎಬ್ಬಿಸುತ್ತದೆ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಎಂಜಿನ್ ಬಿಸಿ ಮಾಡುವುದು ಎಂಜಿನ್‌ಗೂ ಒಳ್ಳೆಯದಲ್ಲ. ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಬಿಟ್ಟು, ಮೆಲ್ಲಗೆ ಹೊರಡಿ. ಆಯಿಲ್ ಬಿಸಿಯಾಗುವವರೆಗೆ, ಅಂದರೆ ಮೊದಲ ಏಳೆಂಟು ಕಿಲೋಮೀಟರ್, ಆರ್‌ಪಿಎಂ (ಎಂಜಿನ್ ಸುತ್ತುವ ವೇಗ) ಮೇಲೇರಿಸಬೇಡಿ. ಎಂಜಿನ್ ನೀರಿನ ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬಂತು ಅಂದ ಮಾತ್ರಕ್ಕೆ ಆಯಿಲ್ ಬಿಸಿಯಾಗಿದೆ ಅಂತಲ್ಲ, ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ಬೇಕು.

ಕಾನೂನನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪುಸ್ತಕದಲ್ಲಿರುವ ತಯಾರಕರ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಮಾಲೀಕರು ಹಾಗೆ ಮಾಡಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ರಸ್ತೆಯಲ್ಲಿ ರೇಸ್ ಮಾಡುವುದಕ್ಕೆ ಬೇರೆ ಸೆಕ್ಷನ್ನೇ ಇದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಹಾರ್ನ್ ಕೂಡ ಮಾಡುವಂತಿಲ್ಲ. ಸಸ್ಪೆನ್ಷನ್ನು, ಎಂಜಿನ್ ಮ್ಯಾಪು (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗು), ಎಕ್ಸಾಸ್ಟು ಎಲ್ಲ ಮಾಡಿಸಿರುವವರಿಗೆ ಇದು ಕೇಳಲು ಇಷ್ಟವಾಗುವುದಿಲ್ಲ, ಗೊತ್ತು. ಆದರೂ ಗೊತ್ತಿದ್ದು ಹೊರಡುವುದು ಒಳ್ಳೆಯದು.

ಗೆಳೆಯರ ಜೊತೆ ಹೋಗುವುದಾದರೆ ಮೂರು, ನಾಲ್ಕು ಕಾರು ಸಾಕು. ಅದಕ್ಕಿಂತ ಜಾಸ್ತಿಯಾದರೆ ಒಟ್ಟಿಗೆ ನಿಲ್ಲಿಸಲು ಜಾಗ ಸಿಗುವುದಿಲ್ಲ, ಸಿಗ್ನಲ್‌ನಲ್ಲಿ ಒಡೆದು ಹೋಗುತ್ತೀರಿ, ಹಿಂದೆ ಬಿದ್ದವರು ಹಿಡಿಯಲು ಓಡಿಸುತ್ತಾರೆ. ಅಪಘಾತಕ್ಕೆ ದಾರಿಯಾಗುವುದು ಆ ಹಿಡಿಯುವ ಆತುರವೇ. ಚೆನ್ನಾಗಿ ದೀಪವಿರುವ ಒಂದು ಪೆಟ್ರೋಲ್ ಬಂಕಿನಲ್ಲಿ ಸೇರಿ. ಎಲ್ಲರಿಗಿಂತ ನಿಧಾನದ ಕಾರನ್ನು ಮುಂದೆ ಬಿಡಿ. ಲೈವ್ ಲೊಕೇಶನ್ ಹಾಕಿಕೊಂಡು, ತಪ್ಪಿಸಿಕೊಂಡರೆ ಹೊಸಕೋಟೆಯಲ್ಲೇ ಸಿಗೋಣ ಅಂತ ಮೊದಲೇ ಮಾತಾಡಿಕೊಳ್ಳಿ. ಸಾಲಾಗಿ ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸುವ ಚಾಳಿ ಖಂಡಿತ ಬೇಡ. ನೀವು ನಿಂತಿದ್ದೀರೋ ಓಡುತ್ತಿದ್ದೀರೋ, ಎಡಕ್ಕೆ ತಿರುಗುತ್ತೀರೋ ಬಲಕ್ಕೋ, ಹಿಂದಿನವರಿಗೆ ಏನೂ ತಿಳಿಯುವುದಿಲ್ಲ.

ಹೆಜ್ಜೆ 4: ದಾರಿ

ನಗರದ ಮಧ್ಯದಿಂದ ಬರುವವರಿಗೆ ಹಲಸೂರು, ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ತೂಗುಸೇತುವೆ, ಭಟ್ಟರಹಳ್ಳಿ, ಮೇಡಹಳ್ಳಿ, ಆವಲಹಳ್ಳಿ, ಬೂದಿಗೆರೆ ಕ್ರಾಸ್, ಆಮೇಲೆ ಹೊಸಕೋಟೆ. ಇದೇ ರಾಷ್ಟ್ರೀಯ ಹೆದ್ದಾರಿ 75, ಮುಂದೆ ಕೋಲಾರ, ಮುಳಬಾಗಿಲಿಗೆ ಹೋಗುತ್ತದೆ. ವೈಟ್‌ಫೀಲ್ಡ್ ಕಡೆಯವರು ಕಾಡುಗೋಡಿ ಮೇಲೆ ಬರಬಹುದು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯವರಿಗೆ ಈಗ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಇದೆ. ಅದು ಅಗಲವಾದ ಒಳ್ಳೆ ರಸ್ತೆ, ಊರಿನ ಗದ್ದಲವೇ ಇಲ್ಲ.

ಹೊಸಕೋಟೆ ಹತ್ತಿರ ಬಂದಾಗ ಮುಖ್ಯ ಹೆದ್ದಾರಿಯಲ್ಲೇ ಇದ್ದುಬಿಟ್ಟರೆ ಊರು ದಾಟಿ ಮುಂದೆ ಹೋಗುತ್ತೀರಿ. ಮುಂಚೆಯೇ ಎಡಕ್ಕೆ ಬಂದು ಸರ್ವಿಸ್ ರಸ್ತೆಗೆ ಇಳಿಯಿರಿ. ಇಳಿಯುವಾಗ ಕಣ್ಣು ತೆರೆದಿರಲಿ. ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬೈಕು, ಟ್ರ್ಯಾಕ್ಟರು ಬರುವುದು ಅಲ್ಲಿ ದಿನನಿತ್ಯದ ಸಂಗತಿ.

ಆ ಹೊತ್ತಿನ ಹೆದ್ದಾರಿ ಖಾಲಿ ಅನ್ನಿಸಿದರೂ ಪೂರ್ತಿ ಖಾಲಿಯಲ್ಲ. ಕೋಲಾರ, ಮಾಲೂರು ಕಡೆಯ ತರಕಾರಿ ನಗರಕ್ಕೆ ಬರುವ ಹೊತ್ತು ಅದೇ. ರಾತ್ರಿಯಿಡೀ ಓಡಿಸಿ ಸುಸ್ತಾದ ಲಾರಿ ಡ್ರೈವರ್‌ಗಳು ರಸ್ತೆ ಬದಿಯಲ್ಲಿ, ಕೆಲವೊಮ್ಮೆ ಹಿಂದಿನ ದೀಪವೂ ಇಲ್ಲದೆ, ಗಾಡಿ ನಿಲ್ಲಿಸಿ ಮಲಗಿರುತ್ತಾರೆ. ಎಡ ಲೇನಿನಲ್ಲಿ ವೇಗವಾಗಿ ನುಗ್ಗುವವರಿಗೆ ಇದಕ್ಕಿಂತ ದೊಡ್ಡ ಅಪಾಯ ಇಲ್ಲ. ನಿಮ್ಮ ಹೆಡ್‌ಲೈಟ್ ಬೆಳಗಿಸುವಷ್ಟು ದೂರದೊಳಗೆ ಕಾರು ನಿಲ್ಲಬೇಕು. ಅದಕ್ಕಿಂತ ಜಾಸ್ತಿ ವೇಗ ಬೇಡ. ಲೋ ಬೀಮ್‌ನಲ್ಲಿ ಓಡಿಸುವಾಗ ಆ ದೂರ ನಾವು ಅಂದುಕೊಂಡಿರುವುದಕ್ಕಿಂತ ತುಂಬಾ ಕಡಿಮೆ.

ಡಿಸೆಂಬರ್, ಜನವರಿಯಲ್ಲಿ ಮಂಜು ಬೀಳುತ್ತದೆ. ಹೊಸಕೋಟೆಯ ದೊಡ್ಡ ಕೆರೆ ಸುತ್ತಮುತ್ತ ದಟ್ಟವಾಗಿಯೇ ಇರುತ್ತದೆ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕೆಲ್ಲ ನಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಲೋ ಬೀಮ್, ಫಾಗ್ ಲ್ಯಾಂಪ್ ಇದ್ದರೆ ಅದು, ಗಾಜು ಮಬ್ಬಾಗದಂತೆ ಎಸಿ. ಇಷ್ಟೇ.

ಹೆಜ್ಜೆ 5: ನಿಲ್ಲಿಸುವುದು

ಈ ಡ್ರೈವ್‌ನಲ್ಲಿ ನಾನು ಎಲ್ಲಕ್ಕಿಂತ ಮುಖ್ಯ ಅಂತ ಹೇಳುವುದು ಇದನ್ನೇ. ಬಿರಿಯಾನಿ ಅಂಗಡಿಯ ಪಕ್ಕದಲ್ಲಿ ಮನೆಗಳಿವೆ. ಆ ಮನೆಗಳಲ್ಲಿ ಮಕ್ಕಳು, ವಯಸ್ಸಾದವರು ಮಲಗಿರುತ್ತಾರೆ. ಪ್ರತಿ ವಾರ ನಸುಕಿನಲ್ಲಿ ಅಪರಿಚಿತರು ಬಂದು ಅವರ ಬಾಗಿಲ ಮುಂದೆ ಗಾಡಿ ನಿಲ್ಲಿಸುತ್ತಾರೆ. ಅವರು ಇಷ್ಟು ವರ್ಷ ಸಹಿಸಿಕೊಂಡಿರುವುದೇ ದೊಡ್ಡದು. ಒಂದು ದಿನ ಅವರು ಬೇಸತ್ತು ದೂರು ಕೊಟ್ಟರೆ, ಆಮೇಲೆ ಬ್ಯಾರಿಕೇಡ್ ಬರುತ್ತದೆ, ಪೊಲೀಸ್ ಗಾಡಿ ಬರುತ್ತದೆ, ನಮ್ಮ ಭಾನುವಾರದ ಬೆಳಗ್ಗೆ ಮುಗಿಯುತ್ತದೆ.

ಆದ್ದರಿಂದ ಅಂಗಡಿ ಎದುರೇ ನಿಲ್ಲಿಸುವ ಹಟ ಬೇಡ. ನೂರು ಇನ್ನೂರು ಮೀಟರ್ ಆಚೆ, ಯಾರ ಗೇಟಿಗೂ ಅಡ್ಡವಾಗದ ಕಡೆ ನಿಲ್ಲಿಸಿ ನಡೆದು ಬನ್ನಿ. ಕೊನೆಯ ಎರಡು ಮೂರು ಕಿಲೋಮೀಟರ್ ನಿಧಾನವಾಗಿ ಓಡಿಸಿದ್ದರೆ ಎಂಜಿನ್‌ಗೆ ಗಾಳಿ ತಳ್ಳುವ ಟರ್ಬೊ ತಾನಾಗಿಯೇ ತಣ್ಣಗಾಗಿರುತ್ತದೆ. ನಿಲ್ಲಿಸಿದ ಮೇಲೆ ಐಡ್ಲಿಂಗ್‌ನಲ್ಲಿ ಬಿಡುವ ಅಗತ್ಯ ಇಲ್ಲ, ಆಫ್ ಮಾಡಿ. ಬಾಗಿಲು ಮೆಲ್ಲಗೆ ಹಾಕಿ. ಹಾಡು ಬಂದ್.

ಕೆಳಗಿಳಿಸಿದ ಕಾರಿನವರಿಗೆ ಎರಡು ಮಾತು. ಟಾರಿನ ಅಂಚಿನಿಂದ ಮಣ್ಣಿಗೆ ಇಳಿಯುವ ಕಡೆ ಒಮ್ಮೊಮ್ಮೆ ಗೇಣುದ್ದ ಇಳಿಜಾರಿರುತ್ತದೆ. ಕತ್ತಲಲ್ಲಿ ಕಾಣುವುದಿಲ್ಲ. ಪಕ್ಕದವರನ್ನು ಇಳಿಸಿ ಮೊಬೈಲ್ ಟಾರ್ಚ್ ಹಾಕಿಸಿ, ಓರೆಯಾಗಿ ಇಳಿಯಿರಿ. ಚರಂಡಿ ಮೇಲಿನ ಕಲ್ಲುಚಪ್ಪಡಿ ಮೇಲೆ ಚಕ್ರ ಹತ್ತಿಸಬೇಡಿ, ಎಷ್ಟೋ ಚಪ್ಪಡಿಗಳು ಒಡೆದಿರುತ್ತವೆ. ವಾಪಸ್ ಹೊರಡುವಾಗ ಎಲ್ಲರೂ ಒಂದು ಸಲ ಬಗ್ಗಿ ಕಾರಿನ ಕೆಳಗೆ ನೋಡಿ. ಚಳಿಗೆ ಬೀದಿನಾಯಿಗಳು ಬಿಸಿ ಎಂಜಿನ್ ಕೆಳಗೆ ಬಂದು ಮಲಗಿರುತ್ತವೆ.

ಹೆಜ್ಜೆ 6: ಸಾಲು

ಮ್ಯಾಪ್ ಹಾಕಿಕೊಂಡು ಹೋದರೂ ಕೊನೆಗೆ ದಾರಿ ತೋರಿಸುವುದು ಸಾಲೇ. ತಲುಪಿದ ತಕ್ಷಣ ಒಬ್ಬರು ಸಾಲಿಗೆ ನಿಲ್ಲಿ, ಉಳಿದವರು ಗಾಡಿ ನೋಡಿಕೊಳ್ಳಲಿ. ಆದರೆ ಒಬ್ಬರು ನಿಂತು ಆಮೇಲೆ ಎಂಟು ಜನ ನಡುವೆ ಸೇರಿಕೊಳ್ಳುವುದು ಸರಿಯಲ್ಲ. ಗಲಾಟೆಯಾಗುವುದು ಬಹುತೇಕ ಇದೇ ಕಾರಣಕ್ಕೆ. ನಿಂತವರೇ ಎಲ್ಲರ ಲೆಕ್ಕ ಹಿಡಿದು ಆರ್ಡರ್ ಮಾಡಲಿ.

ಕೆಲವು ಕಡೆ ಪಾರ್ಸೆಲ್‌ಗೆ ಬೇರೆ ಸಾಲು, ಅಲ್ಲೇ ತಿನ್ನುವವರಿಗೆ ಬೇರೆ ಸಾಲು. ಸುಮ್ನೆ ಹೋಗಿ ಕೊನೆಯಲ್ಲಿ ನಿಲ್ಲುವ ಮುಂಚೆ ಮುಂದಿರುವವರನ್ನು ಕೇಳಿ: ‘ಅಣ್ಣಾ, ಇದು ಪಾರ್ಸೆಲ್ ಸಾಲಾ?’ ಮುಕ್ಕಾಲು ಗಂಟೆ ಉಳಿಯುತ್ತದೆ.

ಮೊದಲ ಹಂಡೆ ತಪ್ಪಿತು ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ. ಒಂದರ ಹಿಂದೆ ಒಂದು ಇಳಿಯುತ್ತಲೇ ಇರುತ್ತದೆ, ರುಚಿಯಲ್ಲಿ ವ್ಯತ್ಯಾಸ ಇಲ್ಲ. ಆದರೆ ಮಟನ್ ಬೇಗ ಖಾಲಿಯಾಗುತ್ತದೆ. ಏಳರ ಮೇಲೆ ಹೋಗುವವರು ಚಿಕನ್‌ಗೂ ಮನಸ್ಸು ಮಾಡಿಕೊಂಡೇ ಹೋಗಿ.

ಶೌಚಾಲಯದ ವಿಷಯ ಯಾರೂ ಬರೆಯುವುದಿಲ್ಲ, ಬರೆಯಬೇಕು. ಅಂಗಡಿಗಳಲ್ಲಿ ಇದೆ ಅಂತ ನಂಬಿ ಹೋಗಬೇಡಿ. ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕುಗಳಲ್ಲಿ ಸಿಗುತ್ತದೆ. ಹೆಂಗಸರು, ಮಕ್ಕಳು ಜೊತೆಗಿದ್ದರೆ ಊರೊಳಗೆ ಹೋಗುವ ಮುಂಚೆಯೇ ಒಂದು ಕಡೆ ನಿಲ್ಲಿಸಿಕೊಂಡು ಹೋಗಿ.

ಹೆಜ್ಜೆ 7: ದಮ್ ಒಡೆಯುವುದನ್ನು ನೋಡಿ, ಆಮೇಲೆ ತಿನ್ನಿ

ಸಾಲು ಮುಂದೆ ಬರುವಾಗ ಅಡುಗೆ ಮಾಡುವ ಕಡೆ ಕಣ್ಣು ಹಾಯಿಸಿ. ಕೆಳಗೆ ಸೌದೆ ಒಲೆ, ಮೇಲೆ ದೊಡ್ಡ ಹಂಡೆ, ಮುಚ್ಚಳದ ಮೇಲೆ ನಿಗಿನಿಗಿ ಕೆಂಡ. ಅಕ್ಕಿ ಮುಕ್ಕಾಲು ಬೆಂದ ಮೇಲೆ ಕೆಳಗಿನ ಉರಿ ಎಳೆದು, ಆ ಕೆಂಡವನ್ನೇ ಮೇಲೆ ಹರಡುತ್ತಾರೆ. ಮೇಲಿನಿಂದಲೂ ಕೆಳಗಿನಿಂದಲೂ ಹದವಾದ ಬಿಸಿ, ಒಳಗೆ ಸಿಕ್ಕಿಕೊಂಡ ಹಬೆ. ಉಳಿದ ಕಾಲು ಭಾಗ ಅಕ್ಕಿ ಬೇಯುವುದು ಆ ಹಬೆಯಲ್ಲೇ. ನೀರಿನಲ್ಲಿ ಕುದ್ದು ಬೆಂದಿದ್ದರೆ ಅನ್ನ ಮುದ್ದೆಯಾಗುತ್ತಿತ್ತು. ಹಬೆಯಲ್ಲಿ ಬೆಂದದ್ದಕ್ಕೆ ಅಗುಳು ಅಗುಳಾಗಿ ಉಳಿಯುತ್ತದೆ, ಮಾಂಸದ ರಸ ಮೇಲೇರಿ ಅನ್ನಕ್ಕೆ ಹತ್ತುತ್ತದೆ.

ಮುಚ್ಚಳ ತೆಗೆದ ಕ್ಷಣವನ್ನು ಹತ್ತಿರದಿಂದ ನೋಡಲೇಬೇಕು. ಮೊದಲು ಕೆಂಡವನ್ನು ಒಂದು ಬದಿಗೆ ಬಳಿಯುತ್ತಾರೆ, ಬೂದಿ ಒಳಗೆ ಬೀಳದ ಹಾಗೆ ಮುಚ್ಚಳವನ್ನು ಓರೆ ಮಾಡಿ ಎತ್ತುತ್ತಾರೆ. ಹಬೆ ಎದ್ದು ಟ್ಯೂಬ್‌ಲೈಟನ್ನೇ ಮುಚ್ಚುತ್ತದೆ. ಪುದೀನ, ತುಪ್ಪ, ಸೌದೆ ಹೊಗೆ ಮೂರೂ ಒಟ್ಟಿಗೆ ಮೂಗಿಗೆ ಬರುತ್ತವೆ. ಬಡಿಸುವವರು ನಡುವೆ ಕಲಸುವುದಿಲ್ಲ. ಹಂಡೆಯ ಒಂದು ಪಕ್ಕದಿಂದ ತಟ್ಟೆಯನ್ನು ತಳದವರೆಗೆ ಇಳಿಸಿ, ಮೇಲಿನ ಬಿಳಿ ಅನ್ನ, ನಡುವಿನ ಮಸಾಲೆ ಅನ್ನ, ತಳದ ಮಾಂಸ ಎಲ್ಲ ಒಂದೇ ಸಲ ಬರುವ ಹಾಗೆ ಎತ್ತುತ್ತಾರೆ. ಕೈಯಲ್ಲಿ ಆ ಹದ ಬರಲು ವರ್ಷಗಳು ಬೇಕು.

‘ಸ್ವಲ್ಪ ತಳದಿಂದ ಹಾಕಿ ಅಣ್ಣ’ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಜನ ಕಡಿಮೆ ಇದ್ದರೆ ಮಜ್ಜೆ ಇರುವ ನಲ್ಲಿ ಮೂಳೆಯನ್ನೂ ಕೇಳಿ ನೋಡಿ. ಸಿಕ್ಕರೆ ಅದೃಷ್ಟ.

ಇದನ್ನು ಬೆಂಗಳೂರಿನ ದೊನ್ನೆ ಬಿರಿಯಾನಿಗೆ ಹೋಲಿಸಿಕೊಂಡು ತಿನ್ನಬೇಡಿ. ದೊನ್ನೆಯದ್ದು ಜೀರಿಗೆ ಸಾಂಬಾ ಅಕ್ಕಿ, ಹಸಿರು ಮಸಾಲೆ, ಮಿಲಿಟರಿ ಹೋಟೆಲಿನ ಬೇರೆಯದೇ ದಾರಿ. ಅದು ಅದರ ಜಾಗದಲ್ಲಿ ಚೆನ್ನ. ಜೊತೆಗೆ ಕೊಡುವ ಶೇರ್ವಾವನ್ನು ಒಟ್ಟಿಗೇ ಸುರಿದುಕೊಳ್ಳಬೇಡಿ. ಮೊದಲ ನಾಲ್ಕು ತುತ್ತು ಬರೀ ಬಿರಿಯಾನಿ ತಿನ್ನಿ, ಹೊಗೆಯ ರುಚಿ ಸಿಗುವುದು ಅದರಲ್ಲೇ. ಆಮೇಲೆ ಒಂದು ಬದಿಗೆ ಶೇರ್ವಾ, ಇನ್ನೊಂದು ಬದಿಗೆ ಮೊಸರುಬಜ್ಜಿ. ಕಬಾಬು, ಚಾಪ್ಸು ಅಂತೆಲ್ಲ ಇರುತ್ತದೆ. ಮೊದಲ ಸಲವೇ ಎಲ್ಲ ಹೇಳಬೇಡಿ. ಒಂದು ಪ್ಲೇಟು ಎಷ್ಟು ಬರುತ್ತದೆ ಅಂತ ನೋಡಿಕೊಂಡು ಮುಂದಿನದ್ದು ಹೇಳಿ. ಅಲ್ಲಿ ಬಿಟ್ಟು ಏಳುವ ಅನ್ನ ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕೂರಲು ಜಾಗ ಸಿಗದಿದ್ದರೆ ನಿಂತೇ ತಿನ್ನಿ, ಎಲ್ಲರೂ ಹಾಗೇ ತಿನ್ನುತ್ತಾರೆ. ಬಾನೆಟ್ ಮೇಲೆ ತಟ್ಟೆ ಇಟ್ಟುಕೊಂಡು ತಿನ್ನುವುದು ಫೋಟೊಗೆ ಚೆನ್ನಾಗಿ ಕಾಣುತ್ತದೆ, ಆದರೆ ತಟ್ಟೆ ತಳದ ಒಂದು ಮರಳಿನ ಕಾಳು ಸಾಕು ಪೇಂಟಿಗೆ ಗೀರು ಬೀಳಲು. ಒಂದು ಹಳೆ ಟವೆಲ್ ಹಾಸಿಕೊಳ್ಳಿ.

ಮಾಂಸ ತಿನ್ನದ ಗೆಳೆಯರು ಜೊತೆಗಿದ್ದರೆ ಅವರಿಗೆ ಮೊದಲೇ ಹೇಳಿ. ಇಡ್ಲಿ, ಕಾಫಿ ಸಿಗುವ ಹೋಟೆಲುಗಳು ತೆರೆಯುವುದು ಸ್ವಲ್ಪ ತಡವಾಗಿ. ಅವರನ್ನು ಹಸಿದುಕೊಂಡು ನಿಲ್ಲಿಸುವುದು ಬೇಡ.

ಹೆಜ್ಜೆ 8: ಕಾರಿನ ಮಾತು

ತಿಂದು ಕೈ ತೊಳೆದ ಮೇಲಿನ ಅರ್ಧ ಗಂಟೆ ನನಗೆ ಬಿರಿಯಾನಿಯಷ್ಟೇ ಇಷ್ಟ. ಯಾರದ್ದೋ ಹಳೆ ಡೀಸೆಲ್ ಲಾರಾದ ಟೈಮಿಂಗ್ ಬೆಲ್ಟ್ ಕಥೆ, ಇನ್ಯಾರೋ ಎಸ್ಟೀಮ್‌ನ ಡೋರ್ ರಬ್ಬರ್ ಸಿಗದೆ ಜೆ.ಸಿ. ರಸ್ತೆಯೆಲ್ಲ ಸುತ್ತಿದ ಕಥೆ. ಯಾವ ವರ್ಕ್‌ಶಾಪಿನಲ್ಲಿ ಕೆಲಸ ಚೆನ್ನ, ಯಾವ ಟೈರ್ ಎಷ್ಟು ಬಾಳಿತು ಅನ್ನುವ ಮಾಹಿತಿ ಇಷ್ಟು ನಂಬಿಕೆಯಿಂದ ಬೇರೆಲ್ಲೂ ಸಿಗುವುದಿಲ್ಲ. ಇಂಥ ಮಾತಿಗೆ ಹೊಸಕೋಟೆ ಸರಿಯಾದ ಊರೂ ಹೌದು. ವೋಲ್ವೊ ಟ್ರಕ್ ಕಾರ್ಖಾನೆ 1998ರಿಂದ ಇರುವುದು ಇಲ್ಲೇ. ಇದೇ ಹೆದ್ದಾರಿಯಲ್ಲಿ ಇನ್ನೂ ಮುಂದೆ ಹೋದರೆ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ.

ಬೇರೆಯವರ ಕಾರು ಇಷ್ಟವಾದರೆ ಮೊದಲು ಮಾಲೀಕರನ್ನು ಮಾತಾಡಿಸಿ. ‘ಅಣ್ಣಾ, ಗಾಡಿ ಸಕ್ಕತ್ತಾಗಿದೆ. ಒಂದು ಫೋಟೊ ತಗೋಬಹುದಾ?’ ಅಂದರೆ ಬಾನೆಟ್ಟನ್ನೂ ಎತ್ತಿ ತೋರಿಸುತ್ತಾರೆ. ಕೇಳದೆ ಮುಟ್ಟುವುದು, ಒರಗುವುದು ಬೇಡ. ಬಿರಿಯಾನಿ ತಿಂದ ಕೈಯಲ್ಲಂತೂ ಬೇಡವೇ ಬೇಡ. ಫೋಟೊ ಹಾಕುವಾಗ ನಂಬರ್ ಪ್ಲೇಟ್ ಮಸುಕು ಮಾಡಿ. ಸಾಲಿನಲ್ಲಿ ನಿಂತಿರುವ ಹೆಂಗಸರು, ಮಕ್ಕಳು ಚಿತ್ರದಲ್ಲಿ ಬೀಳದ ಹಾಗೆ ನೋಡಿಕೊಳ್ಳಿ.

ಯಾರಾದರೂ ‘ಒಂದ್ಸಲ ಸೌಂಡ್ ಕೇಳ್ಸು ಮಗಾ’ ಅಂತ ಕೇಳಿಯೇ ಕೇಳುತ್ತಾರೆ. ಊರೊಳಗೆ ಬೇಡ ಅಂತ ಹೇಳಿ. ಒಬ್ಬರು ಶುರು ಮಾಡಿದರೆ ಪಕ್ಕದ ಮೂರು ಕಾರಿನವರೂ ಶುರು ಮಾಡುತ್ತಾರೆ.

ಹೆಜ್ಜೆ 9: ತಿಂದ ಕೂಡಲೇ ಹೊರಡಬೇಡಿ

ಹೋಗುವಾಗಿನ ಉತ್ಸಾಹ ಬರುವಾಗ ಇರುವುದಿಲ್ಲ. ಹೊಟ್ಟೆ ತುಂಬಿದೆ, ನಿದ್ದೆ ಅರ್ಧ ಆಗಿದೆ, ಕಾರಿನೊಳಗೆ ಬೆಚ್ಚಗಿದೆ. ರೆಪ್ಪೆ ಎರಡು ಸೆಕೆಂಡ್ ಮುಚ್ಚಿದರೆ 80ರ ವೇಗದಲ್ಲಿ ಕಾರು 44 ಮೀಟರ್ ಮುಂದೆ ಹೋಗಿರುತ್ತದೆ. ಒಂದು ಟೀ ಕುಡಿದು, ಸೀಟು ಹಿಂದಕ್ಕೆ ಮಾಡಿ, ಕಿಟಕಿ ಸ್ವಲ್ಪ ಇಳಿಸಿ, ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಟೀಯಲ್ಲಿರುವ ಕೆಫೀನ್ ಕೆಲಸ ಶುರು ಮಾಡಲು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡರ ಲಾಭವೂ ಸಿಗುತ್ತದೆ. ಜೋರಾಗಿ ಹಾಡು ಹಾಕುವುದು, ಮುಖಕ್ಕೆ ಗಾಳಿ ಬಿಟ್ಟುಕೊಳ್ಳುವುದು ಇದಕ್ಕೆ ಬದಲಿ ಅಲ್ಲ.

ಹೆಜ್ಜೆ 10: ಮುಂದೆ ಹೋಗುವುದಿದ್ದರೆ

ಕೋಲಾರದ ಪಕ್ಕದ ಅಂತರಗಂಗೆ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ಬಂಡೆ, ಗುಹೆ, ಕಲ್ಲಿನ ಬಸವನ ಬಾಯಿಂದ ಬರುವ ನೀರು. ಮುಳಬಾಗಿಲು ಸುಮಾರು ನೂರು ಕಿಲೋಮೀಟರ್, ಅಲ್ಲಿನ ದೋಸೆಗೆ ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡವರು ಪುಣ್ಯವಂತರು. ಪಕ್ಕದಲ್ಲೇ ಕುರುಡುಮಲೆ ಗಣಪ, ಆವನಿಯ ರಾಮಲಿಂಗೇಶ್ವರ. ಮಾಂಸ ತಿಂದು ಗುಡಿಗೆ ಹೋಗದವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರನ್ನು ಕೇಳಿ ತೀರ್ಮಾನ ಮಾಡಿ. ಹೆದ್ದಾರಿಯಲ್ಲಿ ಟೋಲ್ ಇದೆ, ಫಾಸ್ಟ್ಯಾಗ್‌ನಲ್ಲಿ ದುಡ್ಡು ಇದೆಯಾ ನೋಡಿಕೊಳ್ಳಿ.

ಹೊಸಕೋಟೆ ಹತ್ತಿರದಿಂದಲೇ ಶುರುವಾಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಕಾರಿನವರನ್ನು ಸೆಳೆಯುವುದು ಸಹಜ. ಕರ್ನಾಟಕದೊಳಗಿನ ಸುಮಾರು 71 ಕಿಲೋಮೀಟರ್‌ನಲ್ಲಿ 2024ರ ಕೊನೆಯಿಂದ ಗಾಡಿಗಳು ಓಡುತ್ತಿವೆ. ನೇರ, ಅಗಲ ರಸ್ತೆ. ದ್ವಿಚಕ್ರ ವಾಹನಗಳಿಗೆ ಅಲ್ಲಿ ಅವಕಾಶ ಇಲ್ಲ, ಆದ್ದರಿಂದ ಬೈಕಿನ ಗೆಳೆಯರ ಜೊತೆ ಬಂದಿದ್ದರೆ ಈ ಯೋಜನೆ ಬಿಡಿ. ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರಿಗೆ ಗಂಟೆಗೆ 120 ಕಿಲೋಮೀಟರ್ ಗರಿಷ್ಠ ಮಿತಿ, ಅಲ್ಲಲ್ಲಿ ಹಾಕಿರುವ ಫಲಕದಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟೇ. ನಡುವೆ ಬಂಕು, ಟೀ ಅಂಗಡಿ ಸಿಗುತ್ತದೆ ಅಂತ ನಂಬಿ ಖಾಲಿ ಟ್ಯಾಂಕಿನಲ್ಲಿ ಹತ್ತಬೇಡಿ. ನೇರ ರಸ್ತೆಯಲ್ಲಿ ನಿದ್ದೆ ಇನ್ನೂ ಬೇಗ ಬರುತ್ತದೆ, ಒಂಬತ್ತನೇ ಹೆಜ್ಜೆ ಬಿಟ್ಟವರು ಅದರ ತಂಟೆಗೆ ಹೋಗಬಾರದು.

ಹೆಜ್ಜೆ 11: ಪಾರ್ಸೆಲ್ ಮತ್ತು ವಾಪಸ್

ಮನೆಯವರಿಗೆ ಪಾರ್ಸೆಲ್ ತರದೆ ಹೋದರೆ ಮುಂದಿನ ವಾರ ಬಿಡುವುದಿಲ್ಲ. ಡಬ್ಬಿಯನ್ನು ಡಿಕ್ಕಿಯಲ್ಲಿ, ಹಳೆ ಬೆಡ್‌ಶೀಟ್ ಸುತ್ತಿ, ಅಲುಗದ ಹಾಗೆ ಇಡಿ. ಶೇರ್ವಾದ ಪ್ಲಾಸ್ಟಿಕ್ ಚೀಲವನ್ನು ಬೇರೆ ಪಾತ್ರೆಯೊಳಗೆ ನಿಲ್ಲಿಸಿ. ಒಂದು ತಿರುವಿನಲ್ಲಿ ಅದು ಒಡೆದರೆ ಕಾರ್ಪೆಟ್ಟಿನ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಅಂತರಗಂಗೆ, ಮುಳಬಾಗಿಲು ಅಂತ ಮುಂದೆ ಹೋಗುವವರು ಪಾರ್ಸೆಲ್ ತಗೊಳ್ಳಲೇಬೇಡಿ. ಬಿಸಿಲಿನಲ್ಲಿ ಕಾರಿನೊಳಗೆ ಗಂಟೆಗಟ್ಟಲೆ ಇದ್ದ ಅನ್ನ ಹೊಟ್ಟೆಗೆ ಒಳ್ಳೆಯದಲ್ಲ, ಅದನ್ನು ಮತ್ತೆ ಬಿಸಿ ಮಾಡಿದರೂ ಆ ದೋಷ ಪೂರ್ತಿ ಹೋಗುವುದಿಲ್ಲ.

ನೇರ ಮನೆಗೆ ವಾಪಸ್ ಅಂದರೆ ಏಳೂವರೆಗೆ ಮುಂಚೆ ಕೆ.ಆರ್. ಪುರ ದಾಟಿಬಿಡಿ. ಅದರ ಮೇಲೆ ಭಾನುವಾರವಾದರೂ ಟಿನ್ ಫ್ಯಾಕ್ಟರಿ ಹತ್ತಿರ ಗಾಡಿಗಳು ಕಟ್ಟಿಕೊಳ್ಳಲು ಶುರುವಾಗುತ್ತವೆ. ಕ್ಲಚ್ ಭಾರವಿರುವ ಕಾರಿನವರಿಗೆ ಅಲ್ಲಿ ಎಡಗಾಲಿನ ಕಷ್ಟ ಏನು ಅಂತ ಗೊತ್ತೇ ಇದೆ. ತಡವಾಗಿಯೇ ಹೋಗಿದ್ದರೆ ವೈಟ್‌ಫೀಲ್ಡ್ ಕಡೆಯಿಂದ ಬರುವುದು ದೂರವಾಗುತ್ತದಾ, ಲಾಭವಾಗುತ್ತದಾ ಅಂತ ಹೊರಡುವ ಮುಂಚೆ ಮ್ಯಾಪಿನಲ್ಲಿ ನೋಡಿಕೊಂಡು ಹೊರಡಿ. ಮನೆಗೆ ಬಂದ ಮೇಲೆ ಪಾರ್ಸೆಲ್ ಇಳಿಸಿ, ಕಸದ ಚೀಲ ತೆಗೆದು, ನಾಲ್ಕೂ ಕಿಟಕಿ ಅರ್ಧ ಗಂಟೆ ಇಳಿಸಿಡಿ.